ಪಾದಸ್ನಾನದ ಕಂದು ನೀರು

ಬಚ್ಚಲಮನೆಯ ಹಂಡೆಯಲ್ಲಿ ಕಾದ ನೀರನ್ನು ಮೈಮೇಲೆ ಸುರಿದುಕೊಂಡಾಗ ಆಗುವ ಸುಖವನ್ನು ನಮ್ಮ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಸುಖವನ್ನು ಈಗ ಪಟ್ಟಣಗಳಲ್ಲಿ ‘ಸ್ಪಾ’ ಎಂಬ ಹೆಸರಿನಿಂದ ಮಾರುತ್ತಾರೆ. ಅಂತಹ ಒಂದು ಅಗ್ಗದ ಸ್ಪಾಕ್ಕೆ ಕಳೆದ ತಿಂಗಳು ನಾವು ನಮ್ಮ ತಾಯಿಯವರನ್ನು ಕರೆದುಕೊಂಡು ಹೋಗಿದ್ದೆವು. ಆವಿಸ್ನಾನ, ಪಾದಸ್ನಾನ ಎರಡೂ ಸೇರಿ ತಲೆಗೆ 499 ರೂಪಾಯಿ. ಮಂಡಿನೋವು, ಸಕ್ಕರೆ ಕಾಯಿಲೆ ಎರಡರಿಂದಲೂ ಬಳಲುತ್ತಿರುವ ಅವರು ಒಂದು ಮಧ್ಯಾಹ್ನ ಹಾಯಾಗಿರಲಿ ಎಂಬುದಷ್ಟೇ ನಮ್ಮ ಆಸೆ.

ಆವಿಸ್ನಾನದ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ತಾಯಿಯವರು ಅದನ್ನು ಒಲ್ಲೆನೆಂದರು. ನಾವು ಮಾತ್ರ ಕಾಲು ಗಂಟೆ ಕುಳಿತು ಹೊರಬಂದೆವು. ತೂಕದ ಯಂತ್ರವು 400 ಗ್ರಾಂ ಕಡಿಮೆ ತೋರಿಸಿತು. ‘ಕೊಬ್ಬು ಕರಗಿದೆ’ ಎಂದರು. ಒಂದು ಗ್ರಾಂ ಕೊಬ್ಬು ಉರಿದರೆ ಸುಮಾರು 9 ಕಿಲೋಕ್ಯಾಲೊರಿ ಶಕ್ತಿ ಹೊರಬೀಳುತ್ತದೆ. 400 ಗ್ರಾಂ ಎಂದರೆ 3,600 ಕಿಲೋಕ್ಯಾಲೊರಿ. ಇದು ಒಬ್ಬ ವಯಸ್ಕನ ಇಡೀ ದಿನದ ಆಹಾರಕ್ಕಿಂತ ಹೆಚ್ಚು. ಸುಮ್ಮನೆ ಕುಳಿತವನ ದೇಹದಲ್ಲಿ ಇಷ್ಟು ಶಕ್ತಿ ಕಾಲು ಗಂಟೆಯಲ್ಲಿ ವ್ಯಯವಾಗುವುದು ಸಾಧ್ಯವೆ? ಹೋದದ್ದು ಬರಿಯ ಬೆವರು. ಎರಡು ಲೋಟ ನೀರು ಕುಡಿದೊಡನೆಯೇ ಆ ತೂಕ ಮರಳಿ ಬಂದಿತು.

ತೊಟ್ಟಿಯಲ್ಲಿ ಕಂಡದ್ದು

ಮುಂದಿನದು ಪಾದಸ್ನಾನ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಐದು ಲೀಟರಿನಷ್ಟು ಉಗುರುಬೆಚ್ಚಗಿನ ನೀರು, ಒಂದು ಚಮಚ ಉಪ್ಪು, ಲೋಹದ ಪಟ್ಟಿಗಳನ್ನು ಸುತ್ತಿಟ್ಟ ಒಂದು ಉರುಳೆ. ಉರುಳೆಯ ತಂತಿಯು ಪಕ್ಕದ ಪೆಟ್ಟಿಗೆಗೆ ಸೇರಿತ್ತು. ತಾಯಿಯವರು ಪಾದಗಳನ್ನು ಇಳಿಬಿಟ್ಟರು, ಗುಂಡಿ ಒತ್ತಲಾಯಿತು. ಹತ್ತು ನಿಮಿಷಗಳಲ್ಲಿ ನೀರು ಹಳದಿಯಾಯಿತು, ಬಳಿಕ ಕಿತ್ತಳೆಯಾಯಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕೆರೆಯ ಕೆಸರಿನಂತೆ ಕಂದಾಗಿ, ಮೇಲೆ ನೊರೆಯೂ ಕಟ್ಟಿತು.

ಗೋಡೆಯ ಮೇಲೆ ಒಂದು ಬಣ್ಣಗಳ ಪಟ್ಟಿ ತೂಗುತ್ತಿತ್ತು. ಕಿತ್ತಳೆ ಬಣ್ಣವು ಕೀಲುಗಳಿಂದ ಬಂದ ವಿಷ, ಕಂದು ಯಕೃತ್ತಿನದು, ಹಸಿರು ಪಿತ್ತಕೋಶದ್ದು ಎಂದು ಅದರಲ್ಲಿ ಬರೆದಿತ್ತು. ಅದನ್ನು ನಮಗೆ ವಿವರಿಸಿದ ಹುಡುಗಿ ಬೇರೆ ಯಾರೂ ಅಲ್ಲ, ಎರಡು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿಯೇ ಕುಳಿತು ವಿದ್ಯುತ್ಪ್ರವಾಹದ ಪಾಠ ಕೇಳಿದ್ದವಳು.

ತಾಯಿಯವರು ತೊಟ್ಟಿಯನ್ನು ನೋಡಿ ಬೆರಗಾದರು. “ಇಷ್ಟು ಕೊಳೆ ಹೋಯಿತಲ್ಲೋ! ಇನ್ನು ಆ ಗುಳಿಗೆಗಳನ್ನು ಅರ್ಧಕ್ಕೆ ಇಳಿಸಬಹುದೋ ಏನೋ” ಎಂದರು. ಅಲ್ಲಿಯವರೆಗೆ ವಿನೋದವಾಗಿದ್ದ ವಿಷಯವು ಆ ಮಾತಿನಿಂದ ವಿನೋದವಾಗಿ ಉಳಿಯಲಿಲ್ಲ.

ಆದುದರಿಂದ ನಾವು ಒಂದು ಬೇಡಿಕೆಯನ್ನು ಮುಂದಿಟ್ಟೆವು. ಬೇರೆ ನೀರು, ಅಷ್ಟೇ ಉಪ್ಪು, ಅದೇ ಉರುಳೆ, ಅಷ್ಟೇ ಕಾಲ; ಆದರೆ ಪಾದಗಳು ಬೇಡ. ಹುಡುಗಿಯು ಸ್ವಲ್ಪ ಹಿಂಜರಿದು ಒಪ್ಪಿದಳು. ಅರ್ಧ ಗಂಟೆಯ ತರುವಾಯ ನೋಡಿದರೆ ಅದೇ ಕಂದು ಬಣ್ಣ! ಯಾರ ಕೀಲೂ ಇಲ್ಲದ, ಯಾರ ಯಕೃತ್ತೂ ಇಲ್ಲದ ಬರಿಯ ಉಪ್ಪುನೀರಿನಿಂದ ಹೊರಟ ಈ ವಿಷವು ಯಾರದು?

ಬಣ್ಣದ ಮೂಲ

ಉತ್ತರವು ಉರುಳೆಯಲ್ಲಿಯೇ ಇದೆ. ಅದರ ಪಟ್ಟಿಗಳು ಉಕ್ಕಿನವು. ಉಕ್ಕಿನ ಬಹುಭಾಗ ಕಬ್ಬಿಣ. ಉಪ್ಪು ನೀರಿನಲ್ಲಿ ಕರಗಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗುವುದರಿಂದ ನೀರು ಒಳ್ಳೆಯ ವಿದ್ಯುದ್ವಾಹಕವಾಗುತ್ತದೆ. ಪ್ರವಾಹವು ಹರಿದಾಗ ಧನಾಗ್ರದಲ್ಲಿ ಕಬ್ಬಿಣದ ಪರಮಾಣುಗಳು ಎರಡೆರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಅಯಾನುಗಳಾಗಿ ನೀರಿಗಿಳಿಯುತ್ತವೆ. ಋಣಾಗ್ರದಲ್ಲಿ ನೀರು ಒಡೆದು ಹೈಡ್ರೋಜನ್ ಗುಳ್ಳೆಗಳೂ ಹೈಡ್ರಾಕ್ಸೈಡ್ ಅಯಾನುಗಳೂ ಹುಟ್ಟುತ್ತವೆ. ಕಬ್ಬಿಣ ಮತ್ತು ಹೈಡ್ರಾಕ್ಸೈಡ್ ಅಯಾನುಗಳು ಕೂಡಿದರೆ ಮೊದಲು ಹಸಿರು ಛಾಯೆಯ ಪದಾರ್ಥವೊಂದು ಉಂಟಾಗುತ್ತದೆ. ನೀರಿನಲ್ಲಿರುವ ಆಕ್ಸಿಜನ್ ತಗುಲಿದಂತೆ ಅದು ಕಿತ್ತಳೆಗೂ ಕಂದಿಗೂ ತಿರುಗುತ್ತದೆ. ಮಳೆಗಾಲದಲ್ಲಿ ಕಿಟಕಿಯ ಸರಳುಗಳ ಮೇಲೆ ಕಾಣುವ ತುಕ್ಕೇ ಇದು. ನೊರೆಯಾದರೋ ಮುಖ್ಯವಾಗಿ ಹೈಡ್ರೋಜನ್ ಗುಳ್ಳೆಗಳಿಂದ ಆದದ್ದು. ಹೀಗೆ ಗೋಡೆಯ ಪಟ್ಟಿಯ ಮುಖ್ಯ ಬಣ್ಣಗಳೆಲ್ಲವೂ ಕಬ್ಬಿಣವೊಂದರವೇ.

ಇಷ್ಟು ಬಣ್ಣಕ್ಕೆ ಸಾಲುವಷ್ಟು ಕಬ್ಬಿಣ ಕರಗೀತೆ ಎಂದು ವಾಚಕರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. 1830ರ ದಶಕದಲ್ಲಿ ಮೈಕೆಲ್ ಫ್ಯಾರಡೆಯು ಕಂಡುಕೊಂಡ ನಿಯಮದಂತೆ ಕರಗುವ ಲೋಹದ ಪ್ರಮಾಣವು ಹರಿದ ವಿದ್ಯುದಂಶಕ್ಕೆ ಅನುಪಾತದಲ್ಲಿರುತ್ತದೆ. ಸುಮಾರು 96,500 ಕೂಲಂಬ್ ಹರಿದರೆ 28 ಗ್ರಾಂ ಕಬ್ಬಿಣ ಕರಗಬಲ್ಲದು. ಪೆಟ್ಟಿಗೆಯ ಮಾಪಕವು 2 ಆಂಪಿಯರ್ ತೋರಿಸುತ್ತಿತ್ತು. ಅರ್ಧ ಗಂಟೆಯೆಂದರೆ 1,800 ಸೆಕೆಂಡುಗಳು. ಗುಣಿಸಿದರೆ 3,600 ಕೂಲಂಬ್. ಅದೆಲ್ಲವೂ ಕಬ್ಬಿಣವನ್ನು ಕರಗಿಸುವುದಕ್ಕೇ ವಿನಿಯೋಗವಾದರೆ ಸುಮಾರು 1 ಗ್ರಾಂ ಕಬ್ಬಿಣ ನೀರಿಗಿಳಿಯುತ್ತದೆ. ಐದು ಲೀಟರಿಗೆ ಒಂದು ಗ್ರಾಂ ಎಂದರೆ ಲೀಟರಿಗೆ 200 ಮಿಲಿಗ್ರಾಂ. ಲೀಟರಿಗೆ 0.3 ಮಿಲಿಗ್ರಾಂ ಮೀರಿದರೇ ಒಗೆದ ಬಟ್ಟೆಗೆ ಕಲೆ ಹತ್ತುತ್ತದೆಯೆಂದ ಮೇಲೆ ಇಲ್ಲಿ ಕೆಸರಿನ ಬಣ್ಣ ಬಂದುದರಲ್ಲಿ ಆಶ್ಚರ್ಯವೇನು?

2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಇಂತಹ ತೊಟ್ಟಿಯ ನೀರನ್ನು ಪಾದಗಳಿದ್ದಾಗಲೂ ಇಲ್ಲದಾಗಲೂ ಪರೀಕ್ಷಿಸಿದರು. ಸ್ನಾನ ಮಾಡಿದವರ ಮೂತ್ರವನ್ನೂ ಕೂದಲನ್ನೂ ಪರೀಕ್ಷಿಸಿದರು. ದೇಹದಿಂದ ವಿಷವಸ್ತುಗಳು ಹೊರಬಂದುದಕ್ಕೆ ಆಧಾರ ದೊರೆಯಲಿಲ್ಲ. ಆ ಕೆಲಸಕ್ಕೆ ನಮ್ಮಲ್ಲಿ ಯಕೃತ್ತೂ ಮೂತ್ರಪಿಂಡಗಳೂ ಇವೆ. ಆರೋಗ್ಯವಂತನ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಅದರ ಬಹುಭಾಗವನ್ನು ರಕ್ತಕ್ಕೇ ಮರಳಿಸಿ, ಉಳಿದ ಒಂದೆರಡು ಲೀಟರನ್ನು ಮಾತ್ರ ಹೊರಗೆ ಕಳುಹಿಸುತ್ತವೆ.

ಯಾರ ತಪ್ಪು?

ಎರಡನೆಯ ತೊಟ್ಟಿಯನ್ನು ಹುಡುಗಿಯು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಆಮೇಲೆ ಮೆಲ್ಲನೆ, “ಸರ್, ಇದು ತುಕ್ಕು ಅಲ್ಲವೆ? ಧನಾಗ್ರ ಕರಗುವುದು ಪಾಠದಲ್ಲಿತ್ತು. ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು” ಎಂದಳು. ಆಕೆಗೆ ನಿಯಮ ತಿಳಿದಿತ್ತು. ಪ್ರತಿದಿನವೂ ಕಣ್ಣೆದುರಿಗೆ ನಡೆಯುತ್ತಿದ್ದುದು ಅದೇ ನಿಯಮ ಎಂಬುದು ಮಾತ್ರ ತಿಳಿದಿರಲಿಲ್ಲ. ಕಪ್ಪುಹಲಗೆಯ ಮೇಲೆ ಪಾಠವನ್ನು ಮುಗಿಸಿ, ಒಂದು ಲೋಟ ಉಪ್ಪುನೀರನ್ನೂ ತರಗತಿಗೆ ತಾರದೆ ಹೋದವರು ನಾವು. ಆ ಮಧ್ಯಾಹ್ನದ ನಿರಾಶೆಯಲ್ಲಿ ದೊಡ್ಡ ಪಾಲು 499 ರೂಪಾಯಿಯದಲ್ಲ, ಇದರದು.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಾದರೂ ಆ ಲೋಟವನ್ನು ತಂದು ನೋಡಬೇಕು. ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಎರಡು ಸಾಧಾರಣ ಕಬ್ಬಿಣದ ಮೊಳೆಗಳನ್ನು ಒಂದಕ್ಕೊಂದು ತಾಗದಂತೆ ಮುಳುಗಿಸಿ, 9 ವೋಲ್ಟಿನ ಬ್ಯಾಟರಿಯ ಎರಡು ತುದಿಗಳಿಗೆ ತಂತಿಯಿಂದ ಜೋಡಿಸಿರಿ. ಗಾಳಿಯಾಡುವ ಕಡೆ ಕುಳಿತು ನೋಡಿರಿ. ಯಾವ ಮೊಳೆಯಲ್ಲಿ ಗುಳ್ಳೆ, ಯಾವುದರಲ್ಲಿ ಬಣ್ಣ ಎಂಬುದನ್ನು ಬರೆದಿಡಿರಿ. ಮನೆಯ ವಿದ್ಯುತ್ತನ್ನು ಮಾತ್ರ ಎಂದಿಗೂ ಬಳಸಕೂಡದು, ಅದು ಪ್ರಾಣಾಪಾಯ. ಪ್ರಯೋಗ ಮುಗಿದ ಮೇಲೆ ನೀರನ್ನು ಚೆಲ್ಲಿ ಕೈ ತೊಳೆಯಿರಿ.

ಬೆಚ್ಚನೆಯ ನೀರಿನಲ್ಲಿ ಪಾದವಿಟ್ಟರೆ ಆಯಾಸ ಕಳೆಯುವುದು ಸುಳ್ಳಲ್ಲ. ಆದರೆ ಸಕ್ಕರೆ ಕಾಯಿಲೆಯವರ ಪಾದಗಳಿಗೆ ಸ್ಪರ್ಶಜ್ಞಾನ ಕುಗ್ಗಿರಬಹುದಾದುದರಿಂದ ನೀರಿನ ಬಿಸಿಯನ್ನು ಬೇರೊಬ್ಬರು ಕೈಯಿಟ್ಟು ನೋಡಬೇಕು. ನಮ್ಮ ಮನೆಯಲ್ಲಿ ಈಗ ಸಂಜೆಯ ಹೊತ್ತು ಆ ಕೆಲಸ ನಮ್ಮದು. ಹಿತ್ತಾಳೆಯ ಬೋಗುಣಿಯ ನೀರು ಕೊನೆಯವರೆಗೂ ತಿಳಿಯಾಗಿಯೇ ಇರುತ್ತದೆ. ತಾಯಿಯವರು ಪಾದಗಳನ್ನು ಒರೆಸಿಕೊಂಡು, ವೈದ್ಯರು ಹೇಳಿದ ಗುಳಿಗೆಯನ್ನು ತಪ್ಪದೆ ನುಂಗುತ್ತಾರೆ.