ನಸುಕಿನಲ್ಲಿ ಮಡಚದ ಬೆರಳು

ಜೋಳದ ರೊಟ್ಟಿ ಬಡಿಯಬೇಕೆಂದರೆ ಅಂಗೈ, ಮಣಿಕಟ್ಟು, ಬೆರಳಿನ ಗೆಣ್ಣು ಎಲ್ಲವೂ ಕೂಡಿ ದುಡಿಯಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಮನೆಗಳಲ್ಲಿ ಆ ಸಪ್ಪಳ ನಸುಕಿನಲ್ಲೇ ಏಳುತ್ತದೆ. ರುಮಟಾಯ್ಡ್ ಸಂಧಿವಾತ ಇರುವ ಹೆಣ್ಣುಮಗಳಿಗೆ ಬೆರಳು ಮಡಚಲು ಬಾರದಿರುವುದೂ ಅದೇ ಹೊತ್ತಿನಲ್ಲಿ. ಹತ್ತು ಗಂಟೆಗೆ ಕೈ ಸಡಿಲಾಗಿ ಆಕೆ ಕೆಲಸಕ್ಕಿಳಿದರೆ, ‘ಮುಂಜಾನೆ ಏನಾಗಿತ್ತು ಈಕಿಗೆ?’ ಎಂಬ ಮಾತು ಬರುತ್ತದೆ.

ಉತ್ತರ ಆಕೆಯ ರಕ್ತದಲ್ಲಿದೆ. ಈ ಕಾಯಿಲೆಯಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಎರಗುತ್ತದೆ. ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನು ಬೆಳಗಿನ ಜಾವ ಏರುತ್ತದೆ. ಅದನ್ನು ತಣಿಸಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನು ಸಾಲದೆ ಹೋಗುತ್ತದೆ. ಬಿಗಿತ ಒಂದು ಗಂಟೆಗೂ ಮೀರಿ ಉಳಿಯುವುದುಂಟು. ಸವೆತದ ಮೊಣಕಾಲು ನೋವಿನಲ್ಲಿ ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಇಷ್ಟನ್ನು ಅತ್ತೆಗೂ ಗಂಡನಿಗೂ ಕೂಡಿಸಿ ಹೇಳುವವರು ಬೇಕು. ಅದೂ ಚಿಕಿತ್ಸೆಯೇ ಎಂದು ನಾನು ನಂಬಿದ್ದೇನೆ.

ಈ ಸೀಮೆಯಲ್ಲಿ ಇಂಥ ತಿಳಿವಳಿಕೆ ಬೇಕೆನ್ನಲು ಇನ್ನೊಂದು ಕಾರಣವೂ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಬಗ್ಗಿ ಭತ್ತ ನಾಟಿ ಮಾಡಿದವರ ಸೊಂಟನೋವು, ಚಿಕುನ್‌ಗುನ್ಯಾ ಬಂದುಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ಗಂಟುನೋವು, ಎಲ್ಲಕ್ಕೂ ಕೀಲುಬ್ಯಾನಿ ಎಂಬ ಒಂದೇ ಹೆಸರು. ರಾಯಚೂರು ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು, ಕೀಲು ಸೆಟೆದುಕೊಂಡರೆ ಅದೂ ಸಂಧಿವಾತದಂತೆಯೇ ಕಾಣುತ್ತದೆ. ಅಲ್ಲಿ ಮೊದಲು ಬದಲಾಗಬೇಕಾದ್ದು ಕುಡಿಯುವ ನೀರು.

ರುಮಟಾಯ್ಡ್ ಎಂದು ಖಚಿತವಾದರೆ ಹೆಚ್ಚಾಗಿ ಮೆಥೊಟ್ರೆಕ್ಸೇಟ್ ಕೊಡುತ್ತಾರೆ. ವಾರಕ್ಕೆ ಒಂದೇ ದಿನದ ಮಾತ್ರೆ ಅದು. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಗರ್ಭಿಣಿಯರಂತೂ ತೆಗೆದುಕೊಳ್ಳಲೇಬಾರದು. ಓದು ಬಾರದವರಿಗೆ ‘ಸಂತೆಯ ದಿನದ ಗುಳಿಗೆ’ ಎಂದು ಹೇಳಿಕೊಟ್ಟರೆ ನೆನಪಿರುತ್ತದೆ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಇದನ್ನು ಯಾರೂ ಹೇಳದಿದ್ದರೆ ಆಕೆ ಕೈಬಿಟ್ಟು, ಒಂದೇ ದಿನದಲ್ಲಿ ನೋವು ಕಳೆಯುವ ಹೆಸರಿಲ್ಲದ ಪುಡಿ, ಗುಳಿಗೆಗಳತ್ತ ಹೋಗುತ್ತಾಳೆ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು.

ಹೇಳಿಕೊಡುವುದೂ ಚಿಕಿತ್ಸೆ ಎಂಬುದಕ್ಕೆ ಆಧಾರವೂ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೇಟ್ ಲೋರಿಗ್ 1970ರ ದಶಕದ ಕೊನೆಯಲ್ಲಿ ಸಂಧಿವಾತದವರಿಗಾಗಿ ಆರು ವಾರಗಳ ಪಾಠ ರೂಪಿಸಿದರು. ಕಲಿಸುವವರಲ್ಲಿ ಅನೇಕರು ಅದೇ ನೋವು ಉಂಡವರು. ಬಂದವರ ನೋವು ತಗ್ಗಿತು. ಕಾರಣ ಹುಡುಕಿದಾಗ, ಎಷ್ಟು ವ್ಯಾಯಾಮ ಮಾಡಿದರು ಎಂಬುದಕ್ಕಿಂತ ‘ಇದನ್ನು ನಾನು ನಿಭಾಯಿಸಬಲ್ಲೆ’ ಎಂಬ ಧೈರ್ಯದ ಜೊತೆಗೇ ಹೆಚ್ಚಿನ ನಂಟು ಕಂಡಿತು. ಖಿನ್ನತೆ ಈ ಕಾಯಿಲೆಯವರಲ್ಲಿ ಇತರರಿಗಿಂತ ಹೆಚ್ಚು. ಮನಸ್ಸು ಕುಸಿದಾಗ 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡಬಹುದು.

ಅಂಥ ಪಾಠಕ್ಕೆ ನಮ್ಮ ಊರುಗಳಲ್ಲಿ ಹೊಸ ಕಟ್ಟಡ ಬೇಕಿಲ್ಲ. ಸ್ತ್ರೀಶಕ್ತಿ ಸಂಘದ ಸಭೆ ಇದೆ, ಆಶಾ ಕಾರ್ಯಕರ್ತೆಯರಿದ್ದಾರೆ. ‘ನಾ ಮಧ್ಯಾಹ್ನ ಕೈ ಸಡಿಲಾದ ಮ್ಯಾಲ ಕಟಿ ರೊಟ್ಟಿ ಮಾಡಿ ಇಡ್ತೀನಿ, ವಾರಗಟ್ಟಲೆ ಬರ್ತಾವ’ ಎಂದು ಒಬ್ಬಾಕೆ ಇನ್ನೊಬ್ಬಾಕೆಗೆ ಅಲ್ಲಿ ಹೇಳಬಹುದು. ಪಕ್ಕದಲ್ಲಿ ಅತ್ತೆಯೂ ಕೂತು ಕೇಳಲಿ.