ಜನಪದ ಧ್ವನಿಮುದ್ರಣದ ಆಲಿಕೆ: ಗಣಕಯಂತ್ರದ ಸಂಪರ್ಕ ಯಾವುದಿರಬೇಕು?

ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ತಂಬೂರಿಯ ಶ್ರುತಿಯೂ ಪಠ್ಯದ ಅಂಗವೇ. ಅಂಕೀಕರಿಸಿದ ಧ್ವನಿಮುದ್ರಣವನ್ನು ಗಣಕಯಂತ್ರದಿಂದ ಆಲಿಸಿ ಬರಹಕ್ಕಿಳಿಸುವಾಗ ವಿದ್ಯುತ್ ಜಾಲದ 50 ಹರ್ಟ್ಸ್ ಗುಂಯ್‌ಕಾರ ಆ ಶ್ರುತಿಯೊಡನೆ ಬೆರೆತರೆ ಅಧ್ಯಯನವೇ ದಾರಿ ತಪ್ಪುತ್ತದೆ. ಆದುದರಿಂದ ಸಂಪರ್ಕದ ಆಯ್ಕೆಯೂ ಸಂಶೋಧನಾ ವಿಧಾನದ ಭಾಗವೆನಿಸುತ್ತದೆ.

ಹೆಡ್‌ಫೋನ್ ಕಿಂಡಿಯನ್ನು ಬಳಸಿದಾಗ ದತ್ತಾಂಶವು ಗಣಕಯಂತ್ರದೊಳಗೇ ಧ್ವನಿಸಂಕೇತವಾಗುವುದರಿಂದ ಒಳಗಿನ ಬಿಡಿಭಾಗಗಳ ಸದ್ದು ಸೇರುವ ಸಂಭವವಿದೆ. ಈ ಪರಿವರ್ತನೆಯನ್ನು ಹೊರಗಿನ ಉಪಕರಣಕ್ಕೆ ವಹಿಸುವುದು ಮೇಲು. ಅದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳಿವೆ. 1983ರಲ್ಲಿ ತೋಷಿಬಾ ಸಂಸ್ಥೆ ರೂಪಿಸಿದ ಟಾಸ್‌ಲಿಂಕ್‌ನಲ್ಲಿ ಸಂಕೇತ ಬೆಳಕಾಗಿ ಸಾಗುತ್ತದೆ. ಎರಡು ಯಂತ್ರಗಳ ನಡುವೆ ವಿದ್ಯುತ್ ಸಂಬಂಧವೇ ಇಲ್ಲದ ಕಾರಣ ಗುಂಯ್‌ಕಾರ ಆ ದಾರಿಯಲ್ಲಿ ದಾಟಲಾರದು. ಆದರೆ ಅನೇಕ ಉಪಕರಣಗಳಲ್ಲಿ ಇದರ ಮಿತಿ 96 ಕಿಲೋಹರ್ಟ್ಸ್. ಯುಎಸ್‌ಬಿ ಅದಕ್ಕೂ ಮೇಲಿನ ಮಾದರಿ ದರಗಳನ್ನು ಒಯ್ಯಬಲ್ಲದು. ಅದರ ಅಸಿಂಕ್ರೊನಸ್ ಕ್ರಮದಲ್ಲಿ ಕಾಲನಿಯಂತ್ರಣವು ಪರಿವರ್ತಕದ ಗಡಿಯಾರಕ್ಕೇ ಸೇರಿರುತ್ತದೆ. ಆದರೆ ತಂತಿಯ ಮೂಲಕ ವಿದ್ಯುತ್ ಗದ್ದಲವೂ ಬರಬಹುದು.

ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಗಾರಗಳ ಸಂಘವಾದ ಐಎಎಸ್‌ಎಯ 2009ರ ಮಾರ್ಗಸೂಚಿ ಹೇಳುವ ಕನಿಷ್ಠ ಪ್ರಮಾಣ 48 ಕಿಲೋಹರ್ಟ್ಸ್, 24 ಬಿಟ್. ಇದಕ್ಕೆ ಟಾಸ್‌ಲಿಂಕ್ ಸಾಕು. ಆ ಕಿಂಡಿಯಿಲ್ಲದಿದ್ದರೆ ಯುಎಸ್‌ಬಿ ಬಳಸಿ, ಲ್ಯಾಪ್‌ಟಾಪಿನ ಚಾರ್ಜರನ್ನು ಬಿಡಿಸಿ ಮತ್ತೆ ಆಲಿಸಬೇಕು. ಆಗ ಗುಂಯ್‌ಕಾರ ನಿಂತರೆ ಅದು ಆಲಿಕೆಯ ದೋಷವೇ ಹೊರತು ಧ್ವನಿಮುದ್ರಣದ್ದಲ್ಲ. ಈ ವಿವೇಚನೆಯಿಲ್ಲದೆ ಮೂಲ ಕಡತವನ್ನು ‘ಶುದ್ಧೀಕರಿಸ’ಹೊರಟರೆ ತಂಬೂರಿಯ ನಾದವೇ ಅಳಿದೀತು.