ಎಣ್ಣೆ ಹೊಡೆದ ಮೇಲೆ ಮುಖವಾಡದ ಆರೈಕೆ

ಕೀಟನಾಶಕ ಸಿಂಪಡಿಸುವವರು ತೊಡುವ ಅರ್ಧಮುಖದ ಮುಖವಾಡದಲ್ಲಿ ತೊಳೆಯಲೇಬೇಕಾದ ಭಾಗಗಳಿವೆ, ನೀರು ತಾಕಿಸಲೇಬಾರದ ಭಾಗವೂ ಇದೆ. ಮೂಗು-ಬಾಯಿ ಮುಚ್ಚುವ ರಬ್ಬರ್ ಅಥವಾ ಸಿಲಿಕೋನ್ ಕವಚ, ಕವಾಟಗಳು, ತಲೆಪಟ್ಟಿ ಮೊದಲ ಗುಂಪಿನವು. ಇಕ್ಕೆಲದ ಕಾರ್ಟ್ರಿಜ್‌ಗಳು ಎರಡನೆಯವು.

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿ ಸೀಮೆಯಲ್ಲಿ ತೊಗರಿಯ ಕಾಯಿಕೊರಕಕ್ಕೆ, ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಗಳಲ್ಲಿ ಬೂದಿ ರೋಗಕ್ಕೆ ಎಣ್ಣೆ ಹೊಡೆಯುವುದು ವಾಡಿಕೆ. ವಿಷದ ದೂಳು, ಆವಿಗಳ ನಡುವೆ ದುಡಿಯುವವರಿಗೆ ಉಸಿರಾಟದ ರಕ್ಷಣಾ ಸಾಧನ ಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಹೊಲದಲ್ಲಿ ಕಾಣುವುದು ಮಾತ್ರ ಬಹುಮಟ್ಟಿಗೆ ಮುಖಕ್ಕೆ ಸುತ್ತಿದ ಟವೆಲ್. ದೊಡ್ಡ ಹನಿಗಳನ್ನು ಅದು ತುಸು ತಡೆದೀತು, ಆವಿಯನ್ನು ತಡೆಯದು. ನೆನೆದ ಮೇಲಂತೂ ವಿಷವನ್ನೇ ಮೂಗಿಗೆ ಒತ್ತಿ ಹಿಡಿಯುತ್ತದೆ.

ಕಾರ್ಟ್ರಿಜ್‌ನಲ್ಲಿರುವುದು ಸಕ್ರಿಯ ಇದ್ದಿಲು. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದೇ ಗ್ರಾಂ ಇದ್ದಿಲಿನ ಒಳಮೈ 500 ಚದರ ಮೀಟರ್ ದಾಟುತ್ತದೆ. ಆವಿಯ ಅಣುಗಳು ಅಲ್ಲಿ ಅಂಟಿಕೊಳ್ಳುತ್ತವೆ. ನೀರು ಹೊಕ್ಕರೆ ಆ ಜಾಗ ಕೆಡುತ್ತದೆ, ಹಿಡಿದಿದ್ದ ವಿಷವೇನೂ ತೊಳೆದು ಹೋಗುವುದಿಲ್ಲ. ಮೇಲೆ ಕೂರಿಸುವ ದೂಳಿನ ಫಿಲ್ಟರನ್ನೂ ತೊಳೆಯಬಾರದು. ಒಮ್ಮೆ ಬಳಸಿ ಎಸೆಯುವ ಎನ್-95 ಮಾಸ್ಕಿನ ನಾರಿನಲ್ಲಿ ಸೂಕ್ಷ್ಮ ಕಣಗಳನ್ನು ಸೆಳೆಯುವ ವಿದ್ಯುದಂಶವಿರುತ್ತದೆ. ಸಾಬೂನು ನೀರಿಗೆ ಅದೂ ನಶಿಸುತ್ತದೆ.

ಕೆಲಸ ಮುಗಿದೊಡನೆ, ಕೈಗವಸು ತೆಗೆಯುವ ಮುನ್ನವೇ, ಕಾರ್ಟ್ರಿಜ್ ಬಿಚ್ಚಿಡಬೇಕು. ಕವಚವನ್ನು 43 ಡಿಗ್ರಿ ಸೆಲ್ಸಿಯಸ್ ಮೀರದ ಉಗುರುಬೆಚ್ಚಗಿನ ನೀರು, ಸೌಮ್ಯ ದ್ರವ ಸಾಬೂನು, ಮೆತ್ತನೆಯ ಬ್ರಷ್‌ನಿಂದ ಉಜ್ಜಬೇಕು. ಪೆಟ್ರೋಲ್, ಥಿನ್ನರ್ ರಬ್ಬರನ್ನು ಹಾಳುಮಾಡುತ್ತವೆ. ಗಡಸು ಬೋರ್‌ವೆಲ್ ನೀರಿನಲ್ಲಿ ಬಿಲ್ಲೆ ಸಾಬೂನು ಒಡೆದು ಗಸಿಯಾಗಿ ಕವಾಟಕ್ಕೆ ಮೆತ್ತಿಕೊಳ್ಳುತ್ತದೆ. ಚೆನ್ನಾಗಿ ಜಾಲಿಸಿ ನೆರಳಿನಲ್ಲಿ ಒಣಗಿಸುವುದೇ ಸರಿ. ತೊಳೆದ ನೀರನ್ನು ಬಾವಿ, ಕೆರೆ, ದನದ ತೊಟ್ಟಿಯಿಂದ ದೂರ ಚೆಲ್ಲಬೇಕು.

ಉಸಿರು ಹೊರಬಿಡುವ ಕವಾಟವೇ ಹೆಚ್ಚಾಗಿ ಕೈಕೊಡುವ ಭಾಗ. ಅದರ ತೆಳು ಬಿಲ್ಲೆ ಮಡಿಚಿದ್ದರೆ, ಕೆಳಗೆ ಒಂದು ಕೂದಲು ಸಿಕ್ಕಿದ್ದರೂ ಸಾಕು, ಸೋಸದ ಗಾಳಿ ನೇರ ಒಳನುಗ್ಗುತ್ತದೆ. ಜೋಡಿಸಿ ತೊಟ್ಟ ಮೇಲೆ ಕಾರ್ಟ್ರಿಜ್‌ಗಳನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದರೆ ಕವಚ ಮುಖಕ್ಕೆ ಅಂಟಿ ನಿಲ್ಲಬೇಕು. ಗಡ್ಡವಿದ್ದವರಿಗೆ ಈ ಬಿಗಿ ಸಿಗುವುದು ಕಷ್ಟ.

ಗಾಳಿಗೆ ತೆರೆದಿಟ್ಟ ಇದ್ದಿಲು ಬಳಸದೆಯೂ ಸವೆಯುತ್ತದೆ. ಆದ್ದರಿಂದ ಕಾರ್ಟ್ರಿಜ್ ಅನ್ನು ಗಾಳಿಯಾಡದ ಚೀಲದಲ್ಲಿ, ಔಷಧದ ಡಬ್ಬಿಗಳಿರುವ ಪಂಪ್‌ಮನೆಯಿಂದ ಬೇರೆಯೇ ಇಡಬೇಕು. ತೊಟ್ಟಾಗ ವಾಸನೆ ಬಂದರೆ ಕೂಡಲೇ ಬದಲಿಸಬೇಕು. ಆದರೆ ವಾಸನೆಯೇ ಇಲ್ಲದ ಕೀಟನಾಶಕಗಳೂ ಉಂಟು. ಹಾಗಾಗಿ ಕಾರ್ಟ್ರಿಜ್ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದು, ತಯಾರಕರು ಹೇಳಿದ ಅವಧಿಗೆ ತೆಗೆದುಹಾಕಬೇಕು.